ಸ್ಲೈಡಿನ ತಲಿಮ್ಯಾಲೆ ಏನ ಬರೀಬೇಕ್ರಿ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಅರ್ಧಕ್ಕರ್ಧ ಪ್ರೆಸೆಂಟೇಶನ್ ಬಗ್ಗೆನ ಅದಾವ್ರಿ. ಬ್ಯಾಂಕಿನ್ಯಾಗ ಲಿಮಿಟ್ ರಿನಿವಲ್, ಕಂಪನ್ಯಾಗ ರಿವ್ಯೂ, ಕಾಲೇಜಿನ್ಯಾಗ ಪ್ರಾಜೆಕ್ಟ್, ಎಲ್ಲಾರ ಕೈಯಾಗೂ ಪೆನ್‌ಡ್ರೈವ್. ಹಿಂಗಾಗಿ ಜಿಎಸ್‌ಟಿ, ಬಾಡಿಗಿ ಕರಾರು ಇಂಥಾ ಪ್ರಶ್ನೆ ಎಲ್ಲಾ ಮುಂದಿನ ಸಲಕ್ಕ ಇಟ್ಟು ಇವನ್ನಷ್ಟ ತಗೊಂಡೇನಿ.

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದಾಗ ನಮ್ಮದೊಂದು ಸಣ್ಣ ಮಶೀನ್ ಪಾರ್ಟ್ಸ್ ಯುನಿಟ್ ಐತ್ರಿ. ಸಿಸಿ ಲಿಮಿಟ್ (ಕ್ಯಾಶ್ ಕ್ರೆಡಿಟ್, ವ್ಯಾಪಾರಕ್ಕ ಬೇಕಾದಾಗ ತಗೊಳ್ಳೂ ಬ್ಯಾಂಕ್ ಸಾಲದ ಮಿತಿ) 60 ಲಕ್ಷದಿಂದ 90 ಲಕ್ಷಕ್ಕ ಏರಿಸಿಕೊಡ್ರಿ ಅಂತ ಕೇಳಾಕ ಬ್ಯಾಂಕಿಗೆ 42 ಸ್ಲೈಡ್ ಮಾಡ್ಕೊಂಡು ಹೋಗಿದ್ದೆ. ಕಂಪನಿ ಹುಟ್ಟಿದ ಕಥಿ, ಅಪ್ಪಾರ ಫೋಟೋ, ವಿಷನ್, ಮಿಷನ್, ಮಶೀನಿನ ಫೋಟೋ ಎಲ್ಲಾ ಹಾಕಿದ್ದೆ. ಐದನೇ ಸ್ಲೈಡಿಗೇ ಮ್ಯಾನೇಜರ್ ಸಾಹೇಬ್ರು ಫೋನ್ ನೋಡಾಕ ಹತ್ತಿದ್ರು, ಆಮ್ಯಾಲೆ "ಕಡೀಕ ಎಷ್ಟ ಬೇಕ್ರಿ ನಿಮಗ?" ಅಂದ್ರು. ಎಲ್ಲಿ ತಪ್ಪಿತ್ರಿ?

ಉತ್ತರ: ಸಾಹೇಬ್ರು ಕೇಳಿದ್ದಕ್ಕ ಉತ್ತರ ನಿಮ್ಮ ಮೊದಲನೇ ಸ್ಲೈಡಿನ ಮ್ಯಾಲೆನ ಇರಬೇಕಿತ್ತು ಅಣ್ಣಾರ, ಅದ ತಪ್ಪು. ನೀವು ಏನ ಕೇಳಾಕ ಬಂದೀರಿ ಅನ್ನೂದು 38ನೇ ಸ್ಲೈಡಿನ್ಯಾಗ ಇತ್ತಂದ್ರ ಅಲ್ಲೀತನಕ ಕುಂತವರು ಏನ ಮಾಡಬೇಕ್ರಿ, ಫೋನ ನೋಡ್ತಾರ. ಅವರಿಗೆ ನಿಮ್ಮ ಅಪ್ಪಾರ ಮ್ಯಾಲೆ ಗೌರವ ಇಲ್ಲಂತಲ್ಲ, ಅವರ ಟೇಬಲ್ ಮ್ಯಾಲೆ ಇನ್ನೂ ಹತ್ತು ಫೈಲ್ ಇರ್ತಾವ, ಪ್ರತಿ ಫೈಲಿಗೂ ಕೊಡೂದೋ ಬಿಡೂದೋ ಅಂತ ನಿರ್ಧಾರ ಮಾಡಬೇಕು, ಮ್ಯಾಲಿನವರಿಗೆ ಕಾರಣ ಬರದು ಕಳಿಸ್ಬೇಕು. ನಿಮ್ಮ ಸ್ಲೈಡ್ ಅವರಿಗೆ ಆ ಕಾರಣ ಬರಿಯಾಕ ಸಾಮಾನು ಕೊಡಬೇಕು, ಅಷ್ಟ.

ನೀವು ಕಳಿಸಿದ ಫೈಲ್ ನೋಡ್ದೆ. ಒಂದ ಸ್ಲೈಡ್ ತಗೊಂಡು ಹೇಳ್ತೀನಿ. ಹನ್ನೊಂದನೇದ್ದು. ತಲಿಮ್ಯಾಲೆ "ಫೈನಾನ್ಶಿಯಲ್ಸ್" ಅಂತ ಬರದೀರಿ, ಕೆಳಗ ಐದ ವರ್ಷದ ಬ್ಯಾಲೆನ್ಸ್ ಶೀಟ್ ಎಕ್ಸೆಲ್‌ನಿಂದ ಎತ್ತಿ ಹಾಕೀರಿ, ಅಕ್ಷರ ಇರುವಿ ಸಾಲ ಇದ್ದಂಗ ಕಾಣ್ತಾವ. ಇದನ್ನ ನೋಡಿ ಅವರಿಗೆ ಏನ ತಿಳೀಬೇಕು? ನಿಮಗ ಕೇಳಿದ್ರ ನೀವು ಬಾಯಿಲೆ ಛಲೋ ಹೇಳ್ತೀರಿ: "ನೋಡ್ರಿ ಸರ್, ಈ ವರ್ಷ ವಹಿವಾಟು 3 ಕೋಟಿ ಐತಿ, ಕೈಯಾಗ ಇರೂ ಆರ್ಡರ್ ನೋಡಿದ್ರ ಮುಂದಿನ ವರ್ಷ 4.5 ಕೋಟಿಗೆ ಹೋಗತೈತಿ, ಅದಕ್ಕ 90 ಲಕ್ಷ ಬೇಕು." ಹಂಗಿದ್ರ ಅದನ್ನ ಬರೀರಲ್ಲ ತಲಿಮ್ಯಾಲೆ! ಫೈನಾನ್ಶಿಯಲ್ಸ್ ಅನ್ನೂದು ಹೆಸರು, ಮಾತಲ್ಲ. ಸ್ಲೈಡಿನ ತಲಿಮ್ಯಾಲೆ ಪೂರ್ತಿ ಒಂದು ಮಾತು ಬರೀಬೇಕು, ಕ್ರಿಯಾಪದ ಇರೂವಂಥಾದ್ದು. ಕೆಳಗ ಆ ಮಾತು ಖರೇ ಅಂತ ತೋರ್ಸೂ ಒಂದ ಗ್ರಾಫ್. ಮುಗೀತು.

90 ಅನ್ನೂದೂ ಗಾಳ್ಯಾಗಿಂದ ಬಂದ ನಂಬರ್ ಅಲ್ಲ ಅಂತ ತೋರಿಸ್ರಿ. ಸಣ್ಣ ಉದ್ದಿಮಿಗೆ ಬ್ಯಾಂಕಿನವರು ವರ್ಕಿಂಗ್ ಕ್ಯಾಪಿಟಲ್ (ದಿನದ ವ್ಯವಹಾರ ನಡಸಾಕ ಬೇಕಾದ ರೊಕ್ಕ) ಲೆಕ್ಕ ಹಾಕೂದು ಬಹುತೇಕ ರಿಸರ್ವ್ ಬ್ಯಾಂಕಿನ ನಾಯಕ ಸಮಿತಿ ಹೇಳಿದ ಟರ್ನ್‌ಓವರ್ ಪದ್ಧತಿ ಪ್ರಕಾರ, ಅಂದ್ರ ಮುಂದಿನ ವರ್ಷದ ಅಂದಾಜು ವಹಿವಾಟಿನ ನೂರಕ್ಕ 25 ವರ್ಕಿಂಗ್ ಕ್ಯಾಪಿಟಲ್ ಬೇಕು, ಅದರಾಗ ವಹಿವಾಟಿನ ನೂರಕ್ಕ 20 ಬ್ಯಾಂಕ್ ಕೊಡತೈತಿ, 5 ನೀವು ಹಾಕ್ಬೇಕು. 4.5 ಕೋಟಿಗೆ 20 ಪರ್ಸೆಂಟ್ ಅಂದ್ರ ಕರೆಕ್ಟ್ 90 ಲಕ್ಷ ಆತಲ್ರಿ. ಇನ್ನ ಉಳಿದಿದ್ದು ಒಂದ ಅನುಮಾನ, 3 ಕೋಟಿಯಿಂದ 4.5ಕ್ಕ ಜಿಗಿತೀವಿ ಅಂತಾನಲ್ಲ ಇಂವಾ, ನಂಬೂದು ಹೆಂಗ ಅಂತ. ನಿಮ್ಮ ಪ್ರೆಸೆಂಟೇಶನ್ನಿನ ಜೀವ ಇರೂದು ಅಲ್ಲಿ. ಮೂರು ವರ್ಷದ ವಹಿವಾಟಿನ ಮೂರು ಬಾರ್ ಹಾಕ್ರಿ, ಬಾಜೂಕ ಮುಂದಿನ ವರ್ಷದ ನಾಕನೇ ಬಾರ್, ಅದನ್ನ ಎರಡ ಭಾಗ ಮಾಡ್ರಿ: ಪರ್ಚೇಸ್ ಆರ್ಡರ್ ಕೈಯಾಗ ಇರೂದು ಗಾಢ ಬಣ್ಣ, ಇನ್ನೂ ಮಾತುಕತಿಯಾಗ ಇರೂದು ತೆಳು ಬಣ್ಣ. ಆರ್ಡರ್ ಕಾಪಿ ಫೈಲಿನ್ಯಾಗ ಜೋಡಿಸಿ ಟೇಬಲ್ ಮ್ಯಾಲೆ ಇಡ್ರಿ. ತೆಳು ಬಣ್ಣ ಜಾಸ್ತಿ ಕಂಡ್ರ ಮುಚ್ಚಿಡಾಕ ಹೋಗಬ್ಯಾಡ್ರಿ, ಅವರು ಕೇಳೇ ಕೇಳ್ತಾರ, ನೀವ ಮೊದಲ ಹೇಳಿದ್ರ ಮರ್ಯಾದಿ ಉಳಿತೈತಿ.

ಒಟ್ಟು ಎಷ್ಟ ಸ್ಲೈಡ್ ಅಂತ ಕೇಳೀರಿ. ಗೈ ಕವಾಸಾಕಿ ಅನ್ನೂ ಅಮೆರಿಕಾದ ಬಂಡವಾಳಗಾರರದ್ದು ಒಂದ ಲೆಕ್ಕ ಭಾಳ ಮಂದಿ ಹೇಳ್ತಾರ, 10 ಸ್ಲೈಡ್, 20 ನಿಮಿಷ, ಅಕ್ಷರ 30 ಪಾಯಿಂಟಿಗಿಂತ ಸಣ್ಣದು ಬ್ಯಾಡ ಅಂತ. ಅದು ಸ್ಟಾರ್ಟಪ್‌ನವರಿಗೆ ಹೇಳಿದ್ದು, ನಿಮಗ ಬ್ಯಾಂಕಿನ್ಯಾಗ ಆರ ಸಾಕು ಅಂತ ನಾ ಅಂತೀನಿ. ಏನ ಬೇಕು, ಆರ್ಡರ್ ಎಲ್ಲಿಂದ, ಸ್ಟಾಕು ಮತ್ತ ಬರಬೇಕಾದ ರೊಕ್ಕ ಎಷ್ಟ ದಿನ ನಿಲ್ತಾವ, ಇಲ್ಲೀತನಕ ಖಾತೆ ಹೆಂಗ ನಡಸೀರಿ, ಅಡವು ಏನ ಐತಿ, ತೊಂದ್ರಿ ಬಂದ್ರ ಏನ ಮಾಡ್ತೀರಿ. ಅಪ್ಪಾರ ಫೋಟೋ ಆಫೀಸಿನ್ಯಾಗ ಛಂದ ಫ್ರೇಮ್ ಹಾಕಿ ಇಡ್ರಿ, ಮ್ಯಾನೇಜರ್ ಸಾಹೇಬ್ರು ಯುನಿಟ್ ನೋಡಾಕ ಬಂದಾಗ ಕಾಣ್ತದ.

ಪ್ರಶ್ನೆ: ಬ್ಯಾಡಗ್ಯಾಗ ನಮ್ಮದು ಮೆಣಸಿನಕಾಯಿ ವ್ಯಾಪಾರ. ಕೊಚ್ಚಿ ಕಡಿಂದ ಓಲಿಯೋರೆಸಿನ್ (ಮೆಣಸಿನಕಾಯಿಂದ ತಗಿಯೂ ಬಣ್ಣದ ಸತ್ವ) ಕಂಪನಿಯವರು ಬರೂವರದಾರ, ಮಗ ಪ್ರೆಸೆಂಟೇಶನ್ ಮಾಡ್ಯಾನ. ಅದರಾಗ ಒಂದು ದೊಡ್ಡ ಪೈ ಚಾರ್ಟ್ ಐತಿ, 3ಡಿ, ಹನ್ನೊಂದು ಬಣ್ಣ, ಯಾವ ಊರಿಂದ ಎಷ್ಟ ಮಾಲು ಬರತೈತಿ ಅಂತ. ನನಗ ನೋಡಾಕ ಛಲೋ ಅನಸ್ತು ಖರೆ ತಿಳೀಲಿಲ್ಲ. ಮಗಗ ಹೇಳಿದ್ರ "ನಿಮಗ ತಿಳಿಯೂದಿಲ್ಲ ಬಿಡ್ರಿ ಅಪ್ಪಾ" ಅಂತಾನ.

ಉತ್ತರ: ಯಜಮಾನ್ರ, ನಿಮಗ ತಿಳೀಲಿಲ್ಲಂದ್ರ ತಪ್ಪು ಚಾರ್ಟಿಂದು, ನಿಮ್ಮದಲ್ಲ. ಮಗಗ ಈ ಪುಟ ಹಂಗ ಕೊಡ್ರಿ.

ತಮ್ಮಾ, ಪೈ ಚಾರ್ಟ್ ಹೊಸಾದೇನಲ್ಲ. ವಿಲಿಯಂ ಪ್ಲೇಫೇರ್ ಅನ್ನೂ ಸ್ಕಾಟ್ಲೆಂಡಿನ ಮನಷ್ಯಾ 1801ರಾಗ ಅದನ್ನ ಅಚ್ಚು ಹಾಕಿಸಿದ. ಅದಕ್ಕಿಂತ ಮೊದಲ, 1786ರಾಗ, ದೇಶದ ಆಮದು ರಫ್ತು ತೋರ್ಸಾಕ ಗೆರಿ ಗ್ರಾಫು, ಬಾರ್ ಗ್ರಾಫು ಮಾಡಿದಾಂವನೂ ಅಂವನ. ವ್ಯಾಪಾರದ ಲೆಕ್ಕ ಕಣ್ಣಿಗೆ ಕಾಣೂವಂಗ ಮಾಡ್ಬೇಕಂತನ ಈ ಗ್ರಾಫ್ ಹುಟ್ಯಾವ. ಆದ್ರ ನಮ್ಮ ಕಣ್ಣು ಉದ್ದ ಅಳಿಯೂದ್ರಾಗ ಶಾಣ್ಯಾ, ಕೋನ ಅಳಿಯೂದ್ರಾಗ ದಡ್ಡ. 1984ರಾಗ ಕ್ಲೀವ್‌ಲ್ಯಾಂಡ್ ಮತ್ತ ಮ್ಯಾಕ್‌ಗಿಲ್ ಅನ್ನೂ ಇಬ್ಬರು ಸಂಶೋಧಕರು ಮಂದಿನ ಕುಂದ್ರಿಸಿ ಪರೀಕ್ಷಾ ಮಾಡಿ ಇದನ್ನ ತೋರಿಸ್ಯಾರ: ಒಂದ ಗೆರಿ ಮ್ಯಾಲೆ ನಿಂತ ಬಾರ್ ಹೋಲ್ಸಿ ನೋಡೂದು ಸರಳ, ತುಂಡಿನ ಕೋನ ಹೋಲ್ಸೂದು ತ್ರಾಸು. 3ಡಿ ಮಾಡಿದ್ರಂತೂ ಮುಂದಿನ ತುಂಡು ಇದ್ದದ್ದಕ್ಕಿಂತ ದೊಡ್ಡದು ಕಾಣ್ತದ, ಹಿಂದಿಂದು ಸೊರಗ್ತದ. ಎರಡ, ಹೆಚ್ಚಂದ್ರ ಮೂರ ಪಾಲು ಇದ್ರ ಪೈ ನಡಿತೈತಿ. ಹನ್ನೊಂದು ಊರಿಗೆ ಅಡ್ಡ ಮಲಗಿಸಿದ ಬಾರ್ ಹಾಕು, ದೊಡ್ಡದು ಮ್ಯಾಲೆ ಸಣ್ಣದು ಕೆಳಗ, ಊರಿನ ಹೆಸರು ಬಾರಿನ ಬಾಜೂಕನ ಬರಿ. ಬಣ್ಣದ ಪಟ್ಟಿ ಮೂಲ್ಯಾಗ ಇಟ್ರ ನೋಡೂವರ ಕುತ್ತಿಗಿ ಆ ಕಡೆ ಈ ಕಡೆ ತಿರುಗಿ ಸಾಕಾಗತೈತಿ.

ಆದ್ರ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದೈತಿ. ಕೊಚ್ಚಿಯವರಿಗೆ ಯಾವ ಊರಿಂದ ಎಷ್ಟ ಮಾಲು ಅನ್ನೂದು ಯಾಕ ಬೇಕು? ಅವರು ಬ್ಯಾಡಗಿ ಮೆಣಸಿನಕಾಯಿ ತಗೊಳ್ಳೂದು ಖಾರಕ್ಕಲ್ಲ, ಬಣ್ಣಕ್ಕ. ನಮ್ಮ ಕಾಯಿಗೆ 2011ರಾಗ ಜಿಐ ಟ್ಯಾಗ್ ಸಿಕ್ಕಿದ್ದರ ಹಿಂದೂ ಆ ಕೆಂಪು ಬಣ್ಣ, ಆ ಕಡಿಮಿ ಖಾರನ ಐತಿ. ಅವರು ಲ್ಯಾಬಿನ್ಯಾಗ ನೋಡೂದು ಆಸ್ಟಾ ನಂಬರ್, ಅಂದ್ರ ಬಣ್ಣ ಎಷ್ಟ ಗಾಢ ಐತಿ ಅನ್ನೂ ಅಳತಿ. ಹಂಗಿದ್ರ ಅದನ್ನ ಗ್ರಾಫ್ ಮಾಡು ತಮ್ಮಾ. ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟ ಮಾಲಿಂದು ಒಂದ ಗೆರಿ, ಹೊರಗ ಗೋದಾಮಿನ್ಯಾಗ ಇಟ್ಟಿದ್ದರದು ಒಂದ ಗೆರಿ, ಕೆಳಗ ತಿಂಗಳು, ಬಾಜೂಕ ಆಸ್ಟಾ ನಂಬರ್, ನಿಮ್ಮದ ಲ್ಯಾಬ್ ರಿಪೋರ್ಟಿನ ಲೆಕ್ಕ ಹಾಕು. ದಿನ ಹೋದಂಗ ಮೆಣಸಿನಕಾಯಿ ಬಣ್ಣ ಇಳಿತೈತಿ, ತಂಪಿನ್ಯಾಗ ಇಟ್ರ ನಿಧಾನ ಇಳಿತೈತಿ, ಇದು ಬ್ಯಾಡಗ್ಯಾಗ ಎಲ್ಲಾರಿಗೂ ಗೊತ್ತಿದ್ದದ್ದ, ಆದ್ರ ನಿಮ್ಮ ಮಾಲಿನ ಮ್ಯಾಲೆ ಎಷ್ಟ ವ್ಯತ್ಯಾಸ ಬಂತು ಅನ್ನೂದು ಅವರಿಗೆ ಗೊತ್ತಿಲ್ಲ. ತಲಿಮ್ಯಾಲೆ "ನಮ್ಮ ಡಬ್ಬಿ ಕಾಯಿ ಆರ ತಿಂಗಳ ಇಟ್ರೂ ಬಣ್ಣ ಹಿಡಕೊಂಡು ನಿಲ್ತದ" ಅಂತ ಬರಿ (ಡಬ್ಬಿ ಅಂದ್ರ ಬ್ಯಾಡಗಿ ಕಾಯಿಯ ಒಂದ ನಮೂನಿ), ಲೆಕ್ಕ ಹಂಗ ಹೇಳಿದ್ರ ಮಾತ್ರ. ದರದ ಮಾತು ಆಮ್ಯಾಲೆ ತಾನ ಬರತೈತಿ.

ಇನ್ನೊಂದು. ದರ ಮತ್ತ ಆವಕ ಎರಡೂ ಒಂದ ಗ್ರಾಫಿನ್ಯಾಗ, ಎಡಕ್ಕೊಂದು ಅಳತಿ ಬಲಕ್ಕೊಂದು ಅಳತಿ ಹಾಕಿಯಲ್ಲ, ಅದನ್ನ ತಗದುಬಿಡು. ಎರಡ ಅಳತಿ ಇದ್ದಲ್ಲೆ ಗೆರಿ ಎಲ್ಲಿ ಬೇಕಾದಲ್ಲೆ ಕೂಡಸಬಹುದು, ಎಲ್ಲಿ ಬೇಕಾದಲ್ಲೆ ದೂರ ಮಾಡಬಹುದು, ತಿಳಿದವರು ನೋಡಿದ ಕೂಡ್ಲೆ ಅನುಮಾನ ಪಡ್ತಾರ. ಮ್ಯಾಲೊಂದು ಕೆಳಗೊಂದು ಎರಡ ಸಣ್ಣ ಗ್ರಾಫ್ ಹಾಕು, ತಿಂಗಳು ಒಂದಕ್ಕೊಂದು ಸರಿಯಾಗಿ ಬರೂವಂಗ. ಮತ್ತ ಅಪ್ಪಾರಿಗೆ ಮೊದಲ ತೋರ್ಸು. ಅವರಿಗೆ ತಿಳೀತಂದ್ರ ಕೊಚ್ಚಿಯವರಿಗೂ ತಿಳಿತೈತಿ.

ಪ್ರಶ್ನೆ: ಧಾರವಾಡದಾಗ ಎಂಬಿಎ ಮುಗಿಸಿ ಒಂದು ಡಿಸ್ಟ್ರಿಬ್ಯೂಶನ್ ಕಂಪನಿಗೆ ಸೇರೀನಿ. ಹೋದ ವರ್ಷ ಸೇಲ್ಸ್ 96 ಲಕ್ಷ, ಈ ವರ್ಷ 100 ಲಕ್ಷ. ಗ್ರಾಫ್ ಮಾಡಿದ್ರ ಎರಡೂ ಬಾರ್ ಒಂದ ಸಮ ಕಾಣ್ತಾವ. ಬಾಸ್ "ಆಕ್ಸಿಸ್ 95ರಿಂದ ಶುರು ಮಾಡವಾ, ಜಂಪ್ ಕಾಣ್ತದ" ಅಂತಾರ. ಮಾಡ್ಬೇಕೋ ಬ್ಯಾಡೋ?

ಉತ್ತರ: ಬ್ಯಾಡ ತಂಗಿ. 95ರಿಂದ ಶುರು ಮಾಡಿದ್ರ ಹೋದ ವರ್ಷದ ಬಾರ್ 1 ಲಕ್ಷದಷ್ಟು ಎತ್ತರ, ಈ ವರ್ಷದ್ದು 5 ಲಕ್ಷದಷ್ಟು ಎತ್ತರ ನಿಲ್ತದ, ಅಂದ್ರ ಕಣ್ಣಿಗೆ ಐದ ಪಟ್ಟು. ಖರೇ ಬೆಳವಣಿಗಿ ನೂರಕ್ಕ ನಾಕ ಚಿಲ್ಲರ. ಬಾರ್ ಗ್ರಾಫಿನ್ಯಾಗ ಉದ್ದನ ಲೆಕ್ಕ ಹೇಳೂದ್ರಿಂದ ಅದು ಸೊನ್ನಿಯಿಂದನ ಶುರು ಆಗಬೇಕು, ಇದಕ್ಕ ಮಾಫಿ ಇಲ್ಲ. ಗೆರಿ ಗ್ರಾಫಿಗೆ ಸ್ವಲ್ಪ ಸಡಿಲ ಐತಿ, ಅಲ್ಲೆ ಏರಿಳಿತ ನೋಡ್ತಾರ, ಚಿನ್ನದ ದರ ಯಾರೂ ಸೊನ್ನಿಯಿಂದ ಹಾಕೂದಿಲ್ಲ, ಅಳತಿ ಎಲ್ಲಿಂದ ಶುರು ಅಂತ ದೊಡ್ಡದಾಗಿ ಕಂಡ್ರ ಸಾಕು.

ಆದ್ರ ಬಾಸಿಗೆ ಬರೇ "ಇದು ತಪ್ಪು ಸರ್" ಅಂದ್ರ ಹೊಸಾ ನೌಕರಿ, ನಿನಗ ಕಷ್ಟ. ಬ್ಯಾರೆ ಏನರ ಕೈಯಾಗ ಹಿಡಕೊಂಡು ಹೋಗು. ಬ್ರಾಂಚ್ ಪ್ರಕಾರ ಒಡದು ನೋಡು, ನೀ ಕಳಿಸಿದ ಶೀಟಿನ್ಯಾಗ ನಾ ನೋಡ್ದೆ: ಹುಬ್ಬಳ್ಳಿ, ಧಾರವಾಡ, ಗದಗ ಮೂರೂ ಇದ್ದಲ್ಲೆ ಅದಾವ, 4 ಲಕ್ಷ ಪೂರ್ತಿ ರಾಣೇಬೆನ್ನೂರದಿಂದ ಬಂದೈತಿ. ಇದು ಸುದ್ದಿ! ನಾಕ ಬ್ರಾಂಚಿಗೆ ನಾಕ ಜೋಡಿ ಬಾರ್, ಮೂರು ಬೂದಿ ಬಣ್ಣ, ರಾಣೇಬೆನ್ನೂರಕ್ಕ ಮಾತ್ರ ಗಾಢ ನೀಲಿ, ತಲಿಮ್ಯಾಲೆ "ಈ ವರ್ಷದ ಬೆಳವಣಿಗಿ ಪೂರ್ತಿ ರಾಣೇಬೆನ್ನೂರದ್ದು" ಅಂತ. ಬಾಸ್ ತಾವ ಕೇಳ್ತಾರ, ಅಲ್ಲೆ ಏನ ಬ್ಯಾರೆ ಮಾಡಿದ್ವಿ ಅಂತ, ಮೀಟಿಂಗ್ ಅಲ್ಲಿಂದ ಮುಂದ ಹೋಗತೈತಿ. ಮತ್ತ ಕೆಂಪು-ಹಸರು ಜೋಡಿ ಹಾಕಬ್ಯಾಡ, ಆ ಎರಡ ಬಣ್ಣದ ಫರಕು ಕಾಣದ ಗಂಡಸರು ಪ್ರತಿ ದೊಡ್ಡ ಆಫೀಸಿನ್ಯಾಗ ಒಬ್ಬಿಬ್ಬರು ಇದ್ದ ಇರ್ತಾರ, ಹೇಳ್ಕೊಳ್ಳೂದಿಲ್ಲ ಅಷ್ಟ. ತಿಂಗಳ ಗ್ರಾಫ್ ಇದ್ರ ಏಪ್ರಿಲ್‌ನಿಂದ ಮಾರ್ಚ್‌ತನಕ ಹಾಕು, ಜನೆವರಿಯಿಂದ ಅಲ್ಲ, ಅಕೌಂಟ್ಸಿನವರು ಮೊದಲ ಅದನ್ನ ಹಿಡಿತಾರ.

ಪ್ರಶ್ನೆ: ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಮೇಂಟೆನನ್ಸ್ ಇಂಜಿನಿಯರ್ ಇದ್ದೀನಿ. ಒಂದು ಪ್ರೆಸ್ ಮಶೀನ್ ಈಗಿಂದೀಗ ನಿಲ್ಲಿಸಿ ರಿಪೇರಿ ಮಾಡ್ಬೇಕಂತ ಮ್ಯಾಲಿನವರಿಗೆ ಹೇಳ್ಬೇಕಾಗೈತಿ. ನಮ್ಮಲ್ಲೆ ಎಲ್ಲಾ ಡೀಟೇಲ್ಸ್ ಬುಲೆಟ್ ಪಾಯಿಂಟಿನ್ಯಾಗ ಒಂದ ಸ್ಲೈಡಿಗೆ ಬರಬೇಕು ಅನ್ನೂ ಪದ್ಧತಿ. ಪಾಯಿಂಟ್ ಎಷ್ಟ ಹಾಕ್ಬೇಕ್ರಿ?

ಉತ್ತರ: ಎಷ್ಟ ಅನ್ನೂದಕ್ಕಿಂತ ಯಾವುದು ಮ್ಯಾಲೆ ಬರಬೇಕು ಅನ್ನೂದು ನೋಡ್ರಿ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ನೆನಪೈತಲ್ಲ. 2003ರ ಜನೆವರಿ 16ಕ್ಕ ಹಾರುವಾಗ ಹೊರಗಿನ ಟ್ಯಾಂಕಿಂದು ಫೋಮ್ ತುಂಡೊಂದು ಕಳಚಿ ಎಡಗಡೆ ರೆಕ್ಕಿಗೆ ಬಡೀತು. ನೌಕೆ ಮ್ಯಾಲೆ ಇದ್ದಾಗನ ಬೋಯಿಂಗ್ ಇಂಜಿನಿಯರುಗಳು ಅದರ ಬಗ್ಗೆ ನಾಸಾದವರಿಗೆ ಸ್ಲೈಡ್ ತೋರಿಸಿದ್ರು. ಒಂದ ಸ್ಲೈಡಿನ ತಲಿಬರಹ ಓದಿದ್ರ, ಹಳೇ ಪರೀಕ್ಷಾದ ಲೆಕ್ಕದ ಪ್ರಕಾರ ಅಂಥಾ ಕಾಳಜಿ ಬ್ಯಾಡ ಅನ್ನೂವಂಗ ಇತ್ತು. ಕೆಳಗ ಬುಲೆಟ್ ಒಳಗ ಬುಲೆಟ್, ಅದರೊಳಗ ಇನ್ನೊಂದು, ಎಲ್ಲಾಕಿಂತ ತಳದಾಗ ಸಣ್ಣ ಅಕ್ಷರದಾಗ ಒಂದ ಸಾಲು: ಪರೀಕ್ಷಾ ಮಾಡಿದ ತುಂಡು 3 ಘನ ಇಂಚು, ಇಲ್ಲಿ ಬಡದದ್ದು ಅಂದಾಜು 1920 ಘನ ಇಂಚು. 640 ಪಟ್ಟು ದೊಡ್ಡದು! ಅಂದ್ರ ಮಾಡಿದ ಪರೀಕ್ಷಾ ಈ ಹೊಡತಕ್ಕ ಲೆಕ್ಕಕ್ಕ ಬರೂದಿಲ್ಲಂತನ ಅರ್ಥ, ಮತ್ತ ತಲಿಬರಹ ಉಲ್ಟಾ ಹೇಳತೈತಿ. ಫೆಬ್ರುವರಿ 1ಕ್ಕ ವಾಪಸ್ ಬರುವಾಗ ನೌಕೆ ಒಡದು ಏಳೂ ಮಂದಿ ಹೋದ್ರು. ಸ್ಲೈಡೊಂದ ಕಾರಣ ಅಂತ ನಾ ಹೇಳಾಕತ್ತಿಲ್ಲ, ಕಾರಣ ಭಾಳ ಇದ್ದು. ಆದ್ರ ಅದೇ ವರ್ಷ ಬಂದ ತನಿಖಾ ಮಂಡಳಿ ವರದಿಯೊಳಗ ಈ ಸ್ಲೈಡಿಂದು ಉದಾಹರಣಿ ಕೊಟ್ಟು, ತಾಂತ್ರಿಕ ವರದಿ ಬರಿಯೂದು ಬಿಟ್ಟು ಬರೇ ಪವರ್‌ಪಾಯಿಂಟ್ ಮ್ಯಾಲೆ ನಡಸೂ ಚಟದ ಬಗ್ಗೆ ಬರದಾರ.

ನಿಮ್ಮ ಸ್ಲೈಡ್ ಹಿಂಗಿರ್ಲಿ. ತಲಿಮ್ಯಾಲೆ "ಪ್ರೆಸ್ ಮಶೀನ್ ಈ ವಾರನ ನಿಲ್ಲಿಸ್ಬೇಕು, ಇಲ್ಲಂದ್ರ ಬೇರಿಂಗ್ ಒಡೀತೈತಿ". ಕೆಳಗ ವೈಬ್ರೇಶನ್ ರೀಡಿಂಗಿನ ಒಂದ ಗೆರಿ, ಮಶೀನ್ ಕಂಪನಿ ಕೊಟ್ಟ ಮಿತಿಗೆ ಒಂದ ಅಡ್ಡ ಗೆರಿ, ಯಾವತ್ತು ದಾಟೇತಿ ಅನ್ನೂದಕ್ಕ ಒಂದ ಚುಕ್ಕಿ. ಬಾಜೂಕ ಎರಡ ಲೆಕ್ಕ: ಈಗ ನಿಲ್ಲಿಸಿದ್ರ ಎಷ್ಟ ತಾಸು ಎಷ್ಟ ರೂಪಾಯಿ, ಒಡದ ಮ್ಯಾಲೆ ನಿಂತ್ರ ಎಷ್ಟ. ಉಳಿದ ಡೀಟೇಲ್ಸ್ ಎರಡ ಪುಟದ ಕಾಗದ ಬರದು ಮುಂಚಿತ ಕಳಿಸ್ರಿ. ಅಮೆಜಾನ್ ಕಂಪನ್ಯಾಗ ಜೆಫ್ ಬೆಜೋಸ್ 2004ರಾಗ ದೊಡ್ಡ ಮೀಟಿಂಗಿಗೆ ಪವರ್‌ಪಾಯಿಂಟ್ ಬ್ಯಾಡ ಅಂದುಬಿಟ್ರು, ಆರ ಪುಟದ ಬರಹ ಕೊಡ್ತಾರ, ಎಲ್ಲಾರೂ ಮೊದಲ ಸುಮ್ಮನ ಕುಂತು ಓದ್ತಾರ, ಆಮ್ಯಾಲೆ ಮಾತು. ನಮ್ಮ ಫ್ಯಾಕ್ಟರಿಗಳಾಗ ಅಷ್ಟ ಹೊತ್ತು ಸುಮ್ಮನ ಕುಂದ್ರೂವರನ್ನ ಹುಡುಕೂದು ಕಷ್ಟ ಬಿಡ್ರಿ, ಆದ್ರ ಎರಡ ಪುಟ ಓದ್ತಾರ.

ಪ್ರಶ್ನೆ: ಗದಗ-ಬೆಟಗೇರಿಯಾಗ ನಮ್ಮದು ಕೈಮಗ್ಗದ ಮಹಿಳಾ ಸಂಘ. ಅಧಿಕಾರಿಗಳ ಮುಂದ ತೋರ್ಸಾಕ ಕನ್ನಡದಾಗ ಸ್ಲೈಡ್ ಮಾಡಿದ್ವಿ, ಅಲ್ಲಿ ಹಾಲಿನ ಕಂಪ್ಯೂಟರಿನ್ಯಾಗ ಹಾಕಿದ್ರ ಎಲ್ಲಾ ಅಡ್ಡಾದಿಡ್ಡಿ ಇಂಗ್ಲಿಷ್ ಚಿಹ್ನೆ ಬಂದು ಮರ್ಯಾದಿ ಹೋತು. ನಂಬರೂ ಅವರಿಗೆ ಓದಾಕ ಬರ್ಲಿಲ್ಲ.

ಉತ್ತರ: ಅಕ್ಕಾರ, ನೀವು ನುಡಿ ತಂತ್ರಾಂಶದ ಹಳೇ ಫಾಂಟಿನ್ಯಾಗ ಟೈಪ್ ಮಾಡೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ಅದು ಹಂಗ ಕಾಣೂದು. ನುಡಿಯಾಗನ ಯೂನಿಕೋಡ್ (ಎಲ್ಲಾ ಕಂಪ್ಯೂಟರಿನ್ಯಾಗೂ ಒಂದ ನಮೂನಿ ನಡಿಯೂ ಅಕ್ಷರ ಪದ್ಧತಿ) ಆಯ್ಕಿ ಐತಿ, ಅದರಾಗ ಟೈಪ್ ಮಾಡ್ರಿ, ಫಾಂಟ್ ನಿರ್ಮಲಾ ಇಡ್ರಿ, ಇದು ವಿಂಡೋಸ್ ಜೋಡಿನ ಬರತೈತಿ. ಹಳೇದನ್ನ ಯೂನಿಕೋಡಿಗೆ ಬದಲಸೂ ಕನ್ವರ್ಟರೂ ಸಿಗ್ತಾವ, ಬದಲಿಸಿದ ಮ್ಯಾಲೆ ಅರ್ಕಾವೊತ್ತು ಒಂದ ಸಲ ಕಣ್ಣಾಡ್ಸಿ ನೋಡ್ರಿ. ಎಲ್ಲಾಕಿಂತ ಸುರಕ್ಷಿತ ಅಂದ್ರ ಪಿಡಿಎಫ್ ಕಾಪಿ ಒಂದು ಪೆನ್‌ಡ್ರೈವಿನ್ಯಾಗ ಇರ್ಲಿ, ಅದು ಎಲ್ಲೆ ತಗದ್ರೂ ಬದಲಾಗೂದಿಲ್ಲ.

ಕನ್ನಡ ಅಕ್ಷರಕ್ಕ ಇನ್ನೊಂದು ಕಾಳಜಿ ಬೇಕು. ಇಂಗ್ಲಿಷಿನ ಸಾಲಿನ ಅಂತರ ಹಂಗ ಇಟ್ರ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲಿಗಿ ಬಡೀತಾವ. ನಿಮ್ಮ ಸ್ಲೈಡಿನ್ಯಾಗ "ಲಕ್ಷ್ಮೇಶ್ವರ" ಅಂತ ಇದ್ದಲ್ಲೆ ಒತ್ತು ಕೆಳಗಿನ ಸಾಲಿನ "ಸ್ತ್ರೀಶಕ್ತಿ"ಯ ದೀರ್ಘದ ಮ್ಯಾಲೆ ಕುಂತೈತಿ, ಹಿಂದ ಕುಂತವರಿಗೆ ಎರಡೂ ಓದಾಕ ಬರೂದಿಲ್ಲ. ಸಾಲಿನ ಅಂತರ 1.2 ಇಲ್ಲಾ 1.3 ಇಡ್ರಿ, ಅಕ್ಷರ 28ಕ್ಕಿಂತ ಕಡಿಮಿ ಬ್ಯಾಡ.

ನಂಬರ್ ವಿಷಯ. ಎಕ್ಸೆಲ್ ನಿಮಗ 1,845,000 ಅಂತ ತೋರ್ಸಾಕತ್ತೈತಿ, ಮಿಲಿಯನ್ ಲೆಕ್ಕ. ವಿಂಡೋಸಿನ ರೀಜನ್ ಸೆಟ್ಟಿಂಗ್‌ನ್ಯಾಗ ಅಂಕಿ ಗುಂಪು ಮಾಡೂದು ಭಾರತದ ಪದ್ಧತಿಗೆ ಬದಲಿಸಿದ್ರ 18,45,000 ಆಗತೈತಿ. ಸ್ಲೈಡಿಗೆ ಅಷ್ಟೂ ಬ್ಯಾಡ, ಮ್ಯಾಲೆ ಒಂದ ಸಲ "ಲಕ್ಷ ರೂಪಾಯಿಗಳಲ್ಲಿ" ಅಂತ ಬರದು 18.5 ಅಂತ ಹಾಕ್ರಿ, ಪೂರ್ತಿ ಲೆಕ್ಕ ಫೈಲಿನ್ಯಾಗ ಇರತೈತಿ. ಮತ್ತ ಒಂದು ಕುಬಸದ ಕಣ, ಒಂದು ಸೀರಿ ಕೈಯಾಗ ತಗೊಂಡ ಹೋಗ್ರಿ, ನೇಯ್ಗಿ ಗುಣಾನ ಯಾವ ಗ್ರಾಫೂ ತೋರ್ಸೂದಿಲ್ಲ.

ಚಿಕ್ಕ ಪ್ರಶ್ನೆಗಳು

*ಎಐ ಟೂಲಿನ್ಯಾಗ ಎರಡ ನಿಮಿಷದಾಗ ಸ್ಲೈಡ್ ಬರ್ತಾವಲ್ರಿ, ಯಾಕ ಇಷ್ಟ ತ್ರಾಸು? (ಹಾವೇರಿ)* ಬರ್ತಾವ, ನೋಡಾಕ ಛಂದನೂ ಇರ್ತಾವ. ಆದ್ರ ನಿಮಗ ಎಷ್ಟ ಬೇಕು, ಯಾಕ ಬೇಕು ಅನ್ನೂದು ಅದಕ್ಕ ನೀವ ಹೇಳ್ಬೇಕು, ಮತ್ತ ಅದು ಹಾಕಿದ ಪ್ರತಿ ನಂಬರ್ ನಿಮ್ಮ ಲೆಕ್ಕದ ಪುಸ್ತಕಕ್ಕ ತಾಳಿ ನೋಡ್ಬೇಕು. ತಾಳಿ ನೋಡದ ನಂಬರ್ ತೋರಿಸಿ ಸಿಕ್ಕೊಂಡ್ರ ಎಐ ಬಂದು ಉತ್ತರ ಕೊಡೂದಿಲ್ಲ.

*ಇಂಗ್ಲಿಷ್‌ನ್ಯಾಗ ಮಾತಾಡ್ಬೇಕೋ ಕನ್ನಡದಾಗೋ? (ಶಿಗ್ಗಾಂವಿ)* ಮುಂದ ಕುಂತವರ ಭಾಷಾ. ಸ್ಲೈಡ್ ಇಂಗ್ಲಿಷ್ ಇದ್ದು ಮಾತು ಕನ್ನಡ ಇದ್ರೂ ಯಾರೂ ಬೈಯೂದಿಲ್ಲ. ಸ್ಲೈಡಿನ್ಯಾಗ ಇದ್ದದ್ದ ಓದಿ ಹೇಳಬ್ಯಾಡ್ರಿ, ಅವರಿಗೂ ಓದಾಕ ಬರತೈತಿ.

*ಸ್ಲೈಡ್ ಇದ್ದಷ್ಟ ಹೊತ್ತೂ ಎಲ್ಲಾರೂ ಪಡದೆ ನೋಡ್ತಾರ, ನನ್ನ ಮಾತ ಕೇಳೂದಿಲ್ಲ. (ನವನಗರ, ಹುಬ್ಬಳ್ಳಿ)* ಪವರ್‌ಪಾಯಿಂಟ್ ನಡಿಯುವಾಗ ಕೀಬೋರ್ಡಿನ ಬಿ ಒತ್ರಿ, ಪಡದೆ ಕಪ್ಪಾಗತೈತಿ, ಎಲ್ಲಾರೂ ನಿಮ್ಮ ಮಾರಿ ನೋಡ್ತಾರ. ಮತ್ತ ಬಿ ಒತ್ತಿದ್ರ ಸ್ಲೈಡ್ ವಾಪಸ್. ಯಾರರ "ಏಳನೇದ್ದು ಮತ್ತೊಮ್ಮಿ ತೋರಿಸ್ರಿ" ಅಂದ್ರ 7 ಒತ್ತಿ ಎಂಟರ್ ಹೊಡೀರಿ, ಹಿಂದಕ ಹಿಂದಕ ಹೋಗೂ ಕೆಲಸ ಇಲ್ಲ.

*ಮುಂದಿನ ವಾರ ಒಂದು ಹೋಟೆಲ್ ಹಾಲಿನ್ಯಾಗ ಡೀಲರ್ ಮೀಟಿಂಗ್ ಐತಿ, ಏನೇನ ತಗೊಂಡ ಹೋಗ್ಲಿ? (ರೋಣ)* ಹಿಂದಿನ ದಿನನ ಫೋನ್ ಮಾಡಿ ಪ್ರಾಜೆಕ್ಟರಿಗೆ ವಿಜಿಎ ಕೇಬಲ್ಲೋ ಎಚ್‌ಡಿಎಂಐನೋ ಕೇಳ್ರಿ, ಹೊಸಾ ಲ್ಯಾಪ್‌ಟಾಪಿಗೆ ವಿಜಿಎ ಜಾಗಾನ ಇರೂದಿಲ್ಲ, ಕನ್ವರ್ಟರ್ ಬೇಕಾಗತೈತಿ. ಪ್ರಾಜೆಕ್ಟರ್ ಹಳೇದಿದ್ರ ಪಡದೆ ಚೌಕ ಇರತೈತಿ, ನಿಮ್ಮ ಅಗಲ ಸ್ಲೈಡು ಮ್ಯಾಲೆ ಕೆಳಗ ಕರಿ ಪಟ್ಟಿ ಬಂದು ಸಣ್ಣಾಗಿ ಕಾಣ್ತದ, ಅದಕ್ಕ ಸೈಜ್ ಮುಂಚೇನ 4:3 ಮಾಡ್ಕೊಳ್ರಿ. ಚಾರ್ಜರ್, ಕ್ಲಿಕ್ಕರಿಗೆ ಹೊಸಾ ಸೆಲ್, ಮತ್ತ ಕರೆಂಟ್ ಹೋದ್ರ ಹಂಚಾಕ ಮುಖ್ಯ ಎರಡ ಗ್ರಾಫಿಂದು ಪ್ರಿಂಟು, ಡೀಲರ್ ಎಷ್ಟ ಮಂದಿ ಅದಾರೋ ಅಷ್ಟ ಕಾಪಿ.